ಮೂರು ಬತ್ತಿಯ ರಾಕೆಟ್ಟು

ಅಂಧೇರಿಯಿಂದ ಚೆಂಬೂರಿಗೆ ಬರಬೇಕಿದ್ದ ದೀಪ ದಾದರ್‌ನಲ್ಲಿ ಎರಡು ಪಾಲಾಯಿತು. ನಂಜುಂಡನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ದೀಪ ಅಂದರೆ ಕನ್ನಡ ಸಂಘದ ಹಿತ್ತಾಳೆಯ ಕಾಲುದೀಪ, ಎದೆಯೆತ್ತರದ್ದು. ವರ್ಷವೆಲ್ಲ ಅದಕ್ಕೆ ಕೆಲಸವಿಲ್ಲ. ನವೆಂಬರ್ ಬಂತೆಂದರೆ ಮುಂಬಯಿಯ ಮೂಲೆಮೂಲೆಯಲ್ಲಿ ರಾಜ್ಯೋತ್ಸವ, ಎಲ್ಲರಿಗೂ ಅದೇ ದೀಪ ಬೇಕು. ಅಂಧೇರಿಯವರು ಶನಿವಾರ ತಮ್ಮ ಕಾರ್ಯಕ್ರಮ ಮುಗಿಸಿ, ಭಾನುವಾರ ಬೆಳಿಗ್ಗೆ, ಅದೇ ಸಂಜೆಯ ಚೆಂಬೂರಿನ ರಾಜ್ಯೋತ್ಸವಕ್ಕೆಂದು, ಅದನ್ನು ಒಬ್ಬ ಆಸಾಮಿಯ ಹೆಗಲಿಗೆ ಹೊರಿಸಿ ಕಳಿಸಿದ್ದರು. ದಾದರ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಜನರ ನೂಕಾಟಕ್ಕೆ ದೀಪದ ತಿರುಪು ಬಿಚ್ಚಿಕೊಂಡಿತು. ಬುಡ ಹಿಡಿದಿದ್ದ ಆ ಆಸಾಮಿ ಬುಡದ ಸಮೇತ ಕುರ್ಲಾ ಕಡೆಯ ಲೋಕಲ್ಲಿಗೆ ತಳ್ಳಲ್ಪಟ್ಟ. ಬತ್ತಿ ಹಾಕುವ ತಟ್ಟೆ, ಅದರ ಮೇಲಿನ ಹಂಸದ ಜೊತೆಗೆ, ಪ್ಲಾಟ್‌ಫಾರ್ಮಿನಲ್ಲಿ ಕೈಯಿಂದ ಕೈಗೆ ಹೋಗಿ ಯಾವ ದಿಕ್ಕಿನ ಗಾಡಿ ಹತ್ತಿತೋ ದೇವರೇ ಬಲ್ಲ. ಚೆಂಬೂರಿಗೆ ತಲುಪಿದ್ದು ಬುಡ ಮಾತ್ರ.

ಆ ಹೊತ್ತಿಗೆ ನಂಜುಂಡ ತನ್ನ ಬಿಲ್ಡಿಂಗಿನ ನೆತ್ತಿಯ ಮೇಲೆ, ಲಿಫ್ಟ್ ರೂಮಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ರಾಕೆಟ್ಟಿಗೆ ರೆಕ್ಕೆ ಅಂಟಿಸುತ್ತಿದ್ದ. ಲಿಫ್ಟ್ ರೂಮು ಅಂದೆನಲ್ಲ, ಆ ಬಿಲ್ಡಿಂಗಿಗೆ ಲಿಫ್ಟೇ ಇಲ್ಲ. ಕಟ್ಟಿಸಿದ ಪುಣ್ಯಾತ್ಮ ಮೇಲೆ ರೂಮು ಕಟ್ಟಿದ, ಲಿಫ್ಟ್ ಆಮೇಲೆ ಹಾಕಿಸ್ತೀನಿ ಅಂದ, ಆಮೇಲೆ ನಾಪತ್ತೆಯಾದ. ನಾಲ್ಕು ಮಾಳಿಗೆ ಹತ್ತಿ ಇಳಿದು ಎಲ್ಲರ ಮಂಡಿ ಸವೆಯಿತೇ ಹೊರತು ಆ ರೂಮನ್ನು ಕೇಳುವವರಿರಲಿಲ್ಲ. ನಂಜುಂಡ ಅದನ್ನು ಗುಡಿಸಿ, ಒಂದು ಹಲಗೆ ಹಾಕಿ, ಬೀಗ ತಗುಲಿಸಿ ತನ್ನದು ಮಾಡಿಕೊಂಡಿದ್ದ.

ಅವನ ಬಾಳಿನ ಕತೆ ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. ಚಾಮರಾಜನಗರದ ಕಡೆಯವನು. ಚೆಂಬೂರಿನ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಮೀಟರು ನೋಡುವ ಕೆಲಸಕ್ಕೆ ಸೇರಿ ಅದರಲ್ಲೇ ತಲೆ ನರೆತವನು. ಗೋಡೆ ತುಂಬ ಗಡಿಯಾರದಂಥ ಮೀಟರುಗಳು, ಅವುಗಳ ಮುಳ್ಳು ಅಲ್ಲಾಡದಂತೆ ನೋಡಿಕೊಳ್ಳುವುದೇ ಉದ್ಯೋಗ. ಅಲ್ಲಾಡದಿದ್ದರೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ, ಅಲ್ಲಾಡಿದರೆ ಮೆಮೊ ಬರುತ್ತದೆ. ಎರಡು ಸಲ ಪ್ರಮೋಷನ್ನು ಅವನ ಮೂಗಿನ ಮುಂದೆಯೇ ಹಾದು ಪಕ್ಕದ ಕುರ್ಚಿಗೆ ಹೋಯಿತು. ಎರಡನೆಯ ಸಲ ಹೋದಾಗ ಅವನು ಮನೆಯಲ್ಲಿ ಮಾತೇ ಬಿಟ್ಟ. ಹಾಕಿದರೆ ಉಂಡ, ಹಾಕದಿದ್ದರೆ ಕೇಳಲಿಲ್ಲ. ಹೆಂಡತಿ ವಿಮಲಾ ಗಾಬರಿಯಾಗಿ ನಂಜನಗೂಡಿನ ದೇವರಿಗೆ ಹರಕೆ ಹೊತ್ತಳು.

ಆ ದಿನಗಳಲ್ಲೇ ಹಡಗಿನಲ್ಲಿ ಕೆಲಸ ಮಾಡುವ ನೆಂಟನೊಬ್ಬ ಪರದೇಶದಿಂದ ಒಂದು ಪೆಟ್ಟಿಗೆ ಆಟದ ರಾಕೆಟ್ಟಿನ ಸಾಮಾನು ತಂದುಕೊಟ್ಟ. ಮಕ್ಕಳಿಲ್ಲದ ಮನೆಗೆ ಇದನ್ನು ಯಾಕಾದರೂ ತಂದನೋ ಎಂದು ವಿಮಲಾ ಒಳಗೊಳಗೇ ನೊಂದುಕೊಂಡಳು. ನಂಜುಂಡ ಮಾತ್ರ ಸುಮ್ಮನೆ ಪೆಟ್ಟಿಗೆ ಎತ್ತಿಕೊಂಡು ಗಚ್ಚಿಗೆ, ಅಂದರೆ ಬಿಲ್ಡಿಂಗಿನ ತಾರಸಿಗೆ, ಹೋದ. ಸಂಜೆ ಒಂದು ರಾಕೆಟ್ಟು ಸುಂಯ್ ಅಂತ ಮೇಲೆ ಹೋಯಿತು. ಅವನು ಕೆಳಗಿಳಿದು ಬಂದು ತಟ್ಟೆ ಮುಂದೆ ಕೂತು, "ಸಾರು ಚೆನ್ನಾಗಿದೆ ಕಣೇ," ಅಂದ. ವಿಮಲಾ ಅಡುಗೆಮನೆಗೆ ಹೋಗಿ ಒಂದು ಗಳಿಗೆ ಅತ್ತು ಬಂದಳು. ಆವತ್ತಿನಿಂದ ಆ ರೂಮಿನ ವಿಷಯದಲ್ಲಿ ಅವಳು ಚಕಾರ ಎತ್ತಿದವಳಲ್ಲ.

ಈ ರಾಕೆಟ್ಟಿನ ಜೀವ ಇರುವುದು ಮದ್ದು ತುಂಬಿದ, ಹೆಬ್ಬೆರಳುದ್ದದ ರಟ್ಟಿನ ನಳಿಗೆಯಲ್ಲಿ. ಅದಕ್ಕೆ ಮೋಟಾರು ಅಂತ ಹೆಸರು, ತಿರುಗುವಂಥದ್ದು ಏನೂ ಇಲ್ಲ. ಒಂದು ನಳಿಗೆಯದನ್ನು ಯಾರು ಬೇಕಾದರೂ ಹಾರಿಸಬಹುದು. ನಂಜುಂಡನಿಗೆ ಹಿಡಿದ ಹುಚ್ಚು ಬೇರೆ. ಬುಡದಲ್ಲಿ ಮೂರು ನಳಿಗೆ ಒಟ್ಟಿಗೆ, ಅದರ ಮೇಲೆ ಇನ್ನೊಂದು ಚಿಕ್ಕ ರಾಕೆಟ್ಟು. ಬುಡದ ಮೂರೂ ಉರಿದು ಮುಗಿಯುವಾಗ ಮೇಲಿನದಕ್ಕೆ ಬೆಂಕಿ ಮುಟ್ಟಿಸಿ ತಾವು ಕಳಚಿ ಬೀಳಬೇಕು, ಮೇಲಿನದು ಇನ್ನೂ ಮೇಲೆ ಹೋಗಬೇಕು. ಕಷ್ಟವೆಲ್ಲ ಮೊದಲ ಗಳಿಗೆಯದು. ಮೂರೂ ಒಂದೇ ಸಲಕ್ಕೆ ಹತ್ತಿಕೊಳ್ಳಬೇಕು. ಒಂದು ಹತ್ತಿ ಎರಡು ಮಲಗಿದ್ದರೆ ರಾಕೆಟ್ಟು ಪಕ್ಕಕ್ಕೆ ವಾಲಿ ಕುಡಿದವನ ಹಾಗೆ ಕಂಡಕಂಡಲ್ಲಿ ನುಗ್ಗುತ್ತದೆ.

ಗಣಪತಿ ಹಬ್ಬದ ಹೊತ್ತಿನಲ್ಲಿ ಆದದ್ದೂ ಅದೇ. ಒಂದೇ ತಂತಿಯಲ್ಲಿ ಮೂರನ್ನೂ ಸಾಲಾಗಿ ಪೋಣಿಸಿದ್ದ. ಮೊದಲನೆಯದು ಹತ್ತಿದ ಕೂಡಲೇ ತಂತಿ ಸುಟ್ಟು ತುಂಡಾಯಿತು, ಉಳಿದೆರಡಕ್ಕೆ ಸುದ್ದಿಯೇ ಮುಟ್ಟಲಿಲ್ಲ. ರಾಕೆಟ್ಟು ಗಚ್ಚಿಯಿಂದ ಜಾರಿ ಎರಡನೆಯ ಮಾಳಿಗೆಯ ಬಾಲ್ಕನಿಗೆ ನುಗ್ಗಿ, ಒಣಹಾಕಿದ್ದ ಪಂಚೆಯಲ್ಲಿ ತೂತು ಮಾಡಿತು. ಪಂಚೆ ಯಾರದೆಂದರೆ ರಾಮಸ್ವಾಮಿಯವರದು. ಅವರು ರೈಲ್ವೆ ಆಡಿಟ್‌ನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಬಿಲ್ಡಿಂಗ್ ಸೊಸೈಟಿಗೂ ಅಧ್ಯಕ್ಷರು, ಕನ್ನಡ ಸಂಘಕ್ಕೂ ಅಧ್ಯಕ್ಷರು. ಸುಟ್ಟ ಪಂಚೆಯನ್ನು ಮಡಿಸಿ ಇಟ್ಟುಕೊಂಡೇ ಸಭೆ ಕರೆದರು.

ಆ ಸಭೆಯಲ್ಲಿ ನಂಜುಂಡ ಜನ್ಮದಲ್ಲೇ ಮೊದಲ ಬಾರಿಗೆ ಎದ್ದು ನಿಂತು ಉದ್ದಕ್ಕೆ ಮಾತಾಡಿದ. ತಪ್ಪು ತಂತಿಯದು, ಇನ್ನು ಮುಂದೆ ಪ್ರತಿ ನಳಿಗೆಗೂ ಬ್ಯಾಟರಿಯಿಂದ ಅದರದರದೇ ದಾರಿ ಕೊಡುತ್ತೇನೆ, ಮೂರೂ ಒಂದೇ ಸಲಕ್ಕೆ ಹತ್ತಬೇಕು, ಒಂದೇ ಸಲಕ್ಕೆ ಹತ್ತಿದರೆ ಮಾತ್ರ ನೆಟ್ಟಗೆ ಹೋಗುತ್ತದೆ, ಅದನ್ನು ಪರೀಕ್ಷೆ ಮಾಡುವುದಕ್ಕೇ ರೂಮು ಬೇಕು ಎಂದ. ಎಷ್ಟು ಸಲ ಅಂದನೆಂದರೆ, ಮರುದಿನದಿಂದ ಬಿಲ್ಡಿಂಗಿನ ಮಕ್ಕಳು ಅವನನ್ನು "ಒಂದೇ ಸಲ ಅಂಕಲ್" ಅಂತ ಕರೆಯತೊಡಗಿದವು.

ರೂಮಿನ ಮೇಲೆ ಕಣ್ಣಿಟ್ಟವರು ಇನ್ನೊಬ್ಬರಿದ್ದರು. ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ಕಾಂತಪ್ಪನವರಿಗೆ ಮದುವೆ ಅಡುಗೆಯ ಹಂಡೆ, ಕೊಪ್ಪರಿಗೆ ಇಡಲು ಜಾಗ ಬೇಕಿತ್ತು. ಸಂಘಕ್ಕೆ ದೊಡ್ಡ ದಾನಿ ಅವರೇ. ಕೊನೆಗೆ ತೀರ್ಮಾನವಾದದ್ದು ಹೀಗೆ: ರಾಜ್ಯೋತ್ಸವದ ದಿನ ಕಾಲನಿ ಮೈದಾನದಲ್ಲಿ ಎಲ್ಲರ ಎದುರು ನಂಜುಂಡ ರಾಕೆಟ್ಟು ಹಾರಿಸಬೇಕು. ನೆಟ್ಟಗೆ ಹೋದರೆ ರೂಮು ಅವನದು. ಇಲ್ಲದಿದ್ದರೆ ಅವತ್ತೇ ಬೀಗದಕೈ ಕೊಟ್ಟುಬಿಡಬೇಕು. ನಂಜುಂಡನ ಹತ್ತಿರ ಉಳಿದಿದ್ದದ್ದು ಸರಿಯಾಗಿ ನಾಲ್ಕು ನಳಿಗೆ, ಬುಡಕ್ಕೆ ಮೂರು, ಮೇಲಿನದಕ್ಕೆ ಒಂದು. ನೆಂಟನ ಹಡಗು ಯಾವ ಸಮುದ್ರದಲ್ಲಿತ್ತೋ.

ಅಂಥ ಭಾನುವಾರ ಬೆಳಿಗ್ಗೆ ರಾಮಸ್ವಾಮಿಯವರು ದೀಪದ ಬುಡ ಕಂಕುಳಲ್ಲಿ ಹಿಡಿದು, ಏದುಸಿರು ಬಿಡುತ್ತ ಗಚ್ಚಿಗೆ ಹತ್ತಿ ಬಂದರು. ಹೊರಗೆ ರಿಫೈನರಿಯ ಹೊಗೆ ಆಕಾಶಕ್ಕೆ ಬೂದಿ ಬಳಿದ ಹಾಗಿತ್ತು. ಅವರು ರಾಕೆಟ್ಟನ್ನು ತಲೆಕೆಳಗಾಗಿ ಎತ್ತಿ ಬುಡ ನೋಡಿದರು. ಮೂರು ತೂತು ಕಂಡವು. ಅವರ ಮುಖ ಅರಳಿತು.

ದೀಪ ಹೀಗಾಯ್ತು, ಉದ್ಘಾಟನೆ ಇಲ್ಲದೆ ಸಭೆ ನಡೆಸೋ ಹಾಗಿಲ್ಲ, ಹೇಗೂ ಇದರಲ್ಲೂ ಮೂರು ಬತ್ತಿ ಇದೆ, ದೀಪದ ಬದಲು ಇದನ್ನೇ ಬೆಳಗಿಸೋಣ ಅಂದರು. ಒಂದು ದಾನಿಗಳಾದ ಕಾಂತಪ್ಪನವರಿಗೆ, ಒಂದು ಮುಖ್ಯ ಅತಿಥಿ ಸುಂದ್ರವ್ವ ಟೀಚರಿಗೆ, ಒಂದು ಅಧ್ಯಕ್ಷರಾದ ತಮಗೆ. ಆಳಿಗೊಂದು ಸ್ವಿಚ್ಚು.

ನಂಜುಂಡ ರಾಕೆಟ್ಟನ್ನು ಅವರ ಕೈಯಿಂದ ಬಿಡಿಸಿಕೊಂಡ. "ಸಾರ್, ಇದು ದೀಪ ಅಲ್ಲ. ಮೂರೂ ಒಂದೇ ಸಲಕ್ಕೆ..."

"ಗೊತ್ತಪ್ಪ, ನೂರು ಸಲ ಕೇಳಿದೀನಿ. ಮೂವರೂ ಒಂದೇ ಸಲಕ್ಕೆ ಒತ್ತಿದ್ರೆ ಆಯ್ತಲ್ಲ? ಒಂದು ಎರಡು ಮೂರು ಅಂದ್ರೆ ಒತ್ತೋಕೆ ನಾವೇನು ಎಳೇ ಮಕ್ಕಳೇ?"

ಮೈದಾನದ ಪೆಂಡಾಲಿನಲ್ಲಿ ಮಧ್ಯಾಹ್ನ ಅದರ ಅಭ್ಯಾಸ ನಡೆಯಿತು. ನಂಜುಂಡ ಮೂರು ಬೆಲ್ ಸ್ವಿಚ್ಚಿಗೆ ಮೂರು ಟಾರ್ಚಿನ ಬಲ್ಬು ಜೋಡಿಸಿ ಮೇಜಿನ ಮೇಲಿಟ್ಟು, ತಾನೇ ಎಣಿಸಿದ. "ಎರಡು" ಅನ್ನುವಾಗಲೇ ಕಾಂತಪ್ಪನವರ ಬಲ್ಬು ಹತ್ತಿತು. ಹೋಟೆಲ್ ನಡೆಸುವವರಿಗೆ ಕಾಯುವ ಅಭ್ಯಾಸವಿರುವುದಿಲ್ಲ. "ಮೂರು" ಅಂದಾಗ ರಾಮಸ್ವಾಮಿಯವರು ಒತ್ತಿದರು, ಆದರೆ ಸ್ವಿಚ್ಚಿನ ಪಕ್ಕದ ಮೊಳೆಯನ್ನು. ಸುಂದ್ರವ್ವ ಟೀಚರು ತಲೆಯೆತ್ತಿ, ಈಗ ಒತ್ತಲೇನ್ರಿ ಎಂದು ಕೇಳಿ, ಉತ್ತರ ಬಂದ ಮೇಲೆ ಒತ್ತಿದರು. ಅವರು ಧಾರವಾಡದ ಕಡೆಯವರು, ಕನ್ನಡ ಶಾಲೆಯ ಹೆಡ್‌ಮಿಸ್. ಪ್ರಶ್ನೆ ಕೇಳದೆ ಉತ್ತರ ಬರೆಯಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವರು. ಏಳೆಂಟು ಸಲ ಎಣಿಸಿದರೂ ಮೂರು ಬಲ್ಬು ಒಟ್ಟಿಗೆ ಹತ್ತಿದ್ದಿಲ್ಲ.

ಅಷ್ಟರಲ್ಲಿ ಫೋಟೋದ ಕೊರಗಪ್ಪ ಕ್ಯಾಮೆರಾ ನೇತುಹಾಕಿಕೊಂಡು ಬಂದ. ಮೂವರೂ ಒಟ್ಟಿಗೆ ಒತ್ತುವುದು ಅವನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಒಟ್ಟಿಗೆ ಬಗ್ಗಿದರೆ ಫೋಟೋದಲ್ಲಿ ಮೂರು ಬೆನ್ನು ಬರುತ್ತದೆ, ಮುಖ ಒಂದೂ ಬರುವುದಿಲ್ಲ ಅಂದ. ದೀಪ ಬೆಳಗುವಾಗ ಹೇಗೆ? ಒಬ್ಬೊಬ್ಬರಾಗಿ ಬರಬೇಕು, ಬತ್ತಿ ಮುಟ್ಟಿಸಿ ಹಾಗೇ ನಿಂತು ಕ್ಯಾಮೆರಾ ಕಡೆ ನೋಡಬೇಕು, ಅವನು "ಆಯ್ತು" ಅಂದ ಮೇಲೆ ಸರಿಯಬೇಕು. ಇದೂ ಹಾಗೇ ಆಗಲಿ ಎಂದು ಮೂವರೂ ಸಂತೋಷವಾಗಿ ಒಪ್ಪಿದರು. ಒಂದೇ ಸಲದ ವಿಷಯ ಎತ್ತಿದ ನಂಜುಂಡನಿಗೆ ರಾಮಸ್ವಾಮಿಯವರು, ಮುಖ್ಯ ಅತಿಥಿಯನ್ನು ಅವಸರ ಮಾಡಿಸುವುದು ನಮ್ಮ ಪದ್ಧತಿಯಲ್ಲ ಎಂದುಬಿಟ್ಟರು.

ನಂಜುಂಡ ಮನೆಗೆ ಬಂದು ಬಾಗಿಲ ಹತ್ತಿರವೇ ಕುಸಿದು ಕೂತ. ಇನ್ನೇನು, ಬೀಗದಕೈ ಈಗಲೇ ಕೊಟ್ಟುಬಿಡುವುದು ಮರ್ಯಾದೆ ಅಂದ. ನಾಳೆಯಿಂದ ಕಾರ್ಖಾನೆ, ಮನೆ, ಮತ್ತೆ ಕಾರ್ಖಾನೆ. ಆ ಮುಖ ವಿಮಲಾಗೆ ಚೆನ್ನಾಗಿ ಗೊತ್ತು. ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಲ್ಲೇ ಅವಳ ತಲೆ ಓಡಿತು.

"ರೀ, ಚಪಾತಿ ಮಾಡುವಾಗ ಮಕ್ಕಳು ನಾನೂ ಲಟ್ಟಿಸ್ತೀನಿ ಅಂತ ಹಠ ಹಿಡಿದ್ರೆ ಏನ್ ಮಾಡ್ತಾರೆ? ಒಂದು ಉಂಡೆ ಹಿಟ್ಟು ಕೈಗೆ ಕೊಟ್ಟು ಪಕ್ಕಕ್ಕೆ ಕೂರಿಸ್ತಾರೆ. ಆ ಬಲ್ಬಿನ ಪೆಟ್ಟಿಗೇನೇ ಅವರ ಮುಂದೆ ಇಡಿ. ಒತ್ಕೊಳ್ಲಿ, ಫೋಟೋ ತೆಗೆಸ್ಕೊಳ್ಲಿ. ನಿಜವಾದ್ದು ನಿಮ್ಮ ಕೈಲಿರ್ಲಿ."

ನಂಜುಂಡ ಅವಳನ್ನೇ ನೋಡಿದ. ಇದು ಮೋಸ ಅಲ್ಲವೇನೇ ಅಂತ ಕೇಳಿದ. ರಾಕೆಟ್ಟು ಮೇಲೆ ಹೋದ ಮೇಲೆ ಯಾರು ಒತ್ತಿದ್ದು ಅಂತ ಯಾರು ಕೇಳ್ತಾರೆ ಎಂದು ವಿಮಲಾ ಅವನ ಕೈಗೆ ಕಾಫಿ ಕೊಟ್ಟಳು. ಆಗ ಅವಳಿಗಾಗಲೀ ಅವನಿಗಾಗಲೀ ಅದಕ್ಕಿಂತ ಮುಂದಿನದು ಹೊಳೆಯಲಿಲ್ಲ.

ಸಂಜೆಯೊಳಗೆ ಎಲ್ಲ ಸಿದ್ಧವಾಯಿತು. ಸ್ವಿಚ್ಚಿನ ಪೆಟ್ಟಿಗೆಗೆ ಕೆಂಪು, ಹಳದಿ ಕಾಗದ ಸುತ್ತಿದ. ಅದರ ತಂತಿಗಳು ವೇದಿಕೆಯಿಂದಿಳಿದು, ರಾಕೆಟ್ಟಿನ ಕಡೆಗೆ ಗಂಭೀರವಾಗಿ ಹೋಗಿ, ಮಣ್ಣಿನಲ್ಲಿ ಹೂತುಹೋಗುತ್ತಿದ್ದವು. ನಿಜವಾದ ತಂತಿ ಜಮಖಾನದ ಅಡಿಯಿಂದ ವೇದಿಕೆಯ ಪಕ್ಕದ ಪರದೆಯ ಹಿಂದಕ್ಕೆ ಬಂದಿತ್ತು. ಅಲ್ಲೇ ಕಾರಿನ ಬ್ಯಾಟರಿ. ಅದು ಕಾಂತಪ್ಪನವರ ಫಿಯೆಟ್ಟಿನದೇ. ರೂಮು ಬೇಕು ಅಂತ ಬ್ಯಾಟರಿ ಕೊಡದಷ್ಟು ಸಣ್ಣ ಮನುಷ್ಯ ತಾನಲ್ಲ ಎಂದು ಅವರೇ ಬಿಚ್ಚಿಸಿ ಕೊಟ್ಟಿದ್ದರು. ಮೂರು ನಳಿಗೆ ಒಟ್ಟಿಗೆ ಹತ್ತಬೇಕಾದರೆ ತುಂಬಿದ ಬ್ಯಾಟರಿಯೇ ಬೇಕು, ಟಾರ್ಚಿನ ಸೆಲ್ಲಿಗೆ ಆಗುವ ಕೆಲಸವಲ್ಲ.

ನಾಡಗೀತೆ ಮುಗಿಯಿತು. ಸ್ವಾಗತ ಮುಗಿಯಿತು. ಅದೇ ಹೊತ್ತಿಗೆ ಯಾರೋ ಕಾಫಿ ಬಾಯ್ಲರನ್ನು ಪೆಂಡಾಲಿನ ಕರೆಂಟಿಗೆ ಸಿಕ್ಕಿಸಿದ್ದರಿಂದ ಫ್ಯೂಸ್ ಹಾರಿ ಮೈಕು ನಿಂತಿತು. ನಂಜುಂಡ ರಾಕೆಟ್ಟಿನ ಹತ್ತಿರ ಹೋಗಿ ಜನರನ್ನು ಹಗ್ಗದ ಆಚೆಗೆ ಸರಿಸಿ ವಾಪಸು ಬರುವಷ್ಟರಲ್ಲಿ ಮೈಕು ಮತ್ತೆ ಶುರುವಾಗಿತ್ತು, ರಾಮಸ್ವಾಮಿಯವರ ಪ್ರಾಸ್ತಾವಿಕ ಭಾಷಣ ಮೈದಾನ ತುಂಬಿತ್ತು. ಕರೆಂಟು ಬಂತಲ್ಲ ಎಂದು ಸಮಾಧಾನಪಟ್ಟು ಪರದೆಯ ಹಿಂದೆ ಹೋದರೆ, ಮೈಕಿನವನು ಅವನ ಬ್ಯಾಟರಿಗೇ ಯಂತ್ರ ತಗುಲಿಸಿ ಬೀಡಿ ಸೇದುತ್ತ ಕೂತಿದ್ದಾನೆ. ಸುಮ್ನೆ ಬಿದ್ದಿತ್ತು, ಅಧ್ಯಕ್ಷ ಸಾಹೇಬರು ಹಾಕು ಅಂದರು ಎಂದ.

ರಾಮಸ್ವಾಮಿಯವರು ಆಗಿನ್ನೂ ಕದಂಬರ ಕಾಲದಲ್ಲಿದ್ದರು. ಕರ್ನಾಟಕದ ಏಕೀಕರಣಕ್ಕೆ ಬರಬೇಕಾದರೆ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಲ್ಲರೂ ಆಗಬೇಕು. ಒಬ್ಬೊಬ್ಬ ರಾಜನೂ ಇವನ ಬ್ಯಾಟರಿಯಿಂದ ಒಂದೊಂದು ಗುಟುಕು ಕುಡಿದು ಹೋಗುತ್ತಿದ್ದ. ಪುಲಿಕೇಶಿ ನರ್ಮದೆ ತಲುಪುವ ತನಕ ತಡೆದುಕೊಂಡು, ಆಮೇಲೆ ನಂಜುಂಡ ಕಣ್ಣು ಮುಚ್ಚಿ ಮೈಕಿನ ತಂತಿ ಕಿತ್ತುಹಾಕಿದ. ರಾಮಸ್ವಾಮಿಯವರು ಮೈಕನ್ನು ಎರಡು ಸಲ ಕುಟ್ಟಿ, ಬಾಯಿಂದಲೇ ಮುಂದುವರಿಸಿದರು. ದನಿ ಮೊದಲಿಗಿಂತ ದೊಡ್ಡದಾಯಿತು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂತರು.

ಉದ್ಘಾಟನೆಯ ಹೊತ್ತು ಬಂತು. ನಂಜುಂಡ ಪರದೆಯ ಹಿಂದೆ ಸ್ವಿಚ್ಚು ಹಿಡಿದು ನಿಂತ. ಮೊದಲು ಕಾಂತಪ್ಪನವರು ಬಂದು ಒತ್ತಿದರು, ಕೆಂಪು ಬಲ್ಬು ಹತ್ತಿತು, ಕೊರಗಪ್ಪನ ಫ್ಲ್ಯಾಶು ಹೊಡೆಯಿತು. ಕಣ್ಣು ಮುಚ್ಚಿದ್ದಿರಿ ಎಂದು ಅವನು ಇನ್ನೊಮ್ಮೆ ಒತ್ತಿಸಿದ. ಆಮೇಲೆ ಸುಂದ್ರವ್ವ ಟೀಚರು ಚಪ್ಪಲಿ ಬಿಟ್ಟು ಬಂದು, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹಳದಿ ಬಲ್ಬು ಹತ್ತಿಸಿ, ಭುವನೇಶ್ವರಿಯ ಮೇಲೆ ಎರಡು ಸಾಲು ಹಾಡಿದರು. ಕೊನೆಗೆ ರಾಮಸ್ವಾಮಿಯವರು ಬಂದು, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಬಿಟ್ಟುಹೋಗಿದ್ದ ವಿಜಯನಗರದವರ ಬಗ್ಗೆ ನಾಲ್ಕು ಮಾತಾಡಿದರು. ಮಾತು ಮುಗಿಸಿ ಒತ್ತಿದರು. ಬಲ್ಬು ಹತ್ತಿದ್ದನ್ನು ಪರದೆಯ ಸಂದಿಯಿಂದ ನೋಡಿ ನಂಜುಂಡನೂ ಒತ್ತಿದ.

ಮೂರೂ ಒಂದೇ ಸಲಕ್ಕೆ ಹತ್ತಿದವು. ಸುಂಯ್ ಅಂತ ಅಲ್ಲ, ದೊಡ್ಡ ಬಟ್ಟೆ ಹರಿದ ಹಾಗೆ ಸದ್ದಾಯಿತು. ರಾಕೆಟ್ಟು ಒಂದು ಕೂದಲೆಳೆಯೂ ವಾಲದೆ ನೆಟ್ಟಗೆ ಎದ್ದಿತು. ಬಿಲ್ಡಿಂಗಿನ ನೆತ್ತಿ ದಾಟಿ, ನೀರಿನ ಟಾಂಕಿ ದಾಟಿ ಹೋಗುವಾಗ ಬುಡದ ಭಾಗ ಕಳಚಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೇಲಿನದಕ್ಕೆ ಬೆಂಕಿ ಮುಟ್ಟಿ, ಅದು ಇನ್ನೊಂದು ಗೆರೆ ಎಳೆದು ರಿಫೈನರಿಯ ಹೊಗೆಯೊಳಗೆ ಮಾಯವಾಯಿತು. ಜನ ಬಾಯಿ ತೆರೆದುಕೊಂಡು ನೋಡುತ್ತಿದ್ದ ಹಾಗೆ, ವಿಮಲಾ ತನ್ನ ರವಿಕೆ ಬಟ್ಟೆಯಿಂದ ಹೊಲಿದಿದ್ದ ಪ್ಯಾರಾಚೂಟು ಬಿಚ್ಚಿಕೊಂಡು ತೂಗುತ್ತ ತೂಗುತ್ತ ಮೈದಾನದ ಮಧ್ಯಕ್ಕೇ ಇಳಿಯಿತು.

ಪರದೆಯ ಹಿಂದೆ ನಂಜುಂಡ ಮೈಕಿನವನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಇಷ್ಟು ವರ್ಷದಲ್ಲಿ ಅವನು ಎಣಿಸಿದ ಹಾಗೆ ಆದ ಕೆಲಸ ಇದೊಂದೇ. ಮೈಕಿನವನು ಮರಾಠಿಯಲ್ಲಿ ಏನೋ ಸಮಾಧಾನ ಹೇಳಿದ.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ವೇದಿಕೆಯ ಮೇಲೆ ಮೂವರು ಗಣ್ಯರೂ ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ನಂಜುಂಡ ಪರದೆಯಿಂದ ಈಚೆ ಬಂದಾಗ ಸುಂದ್ರವ್ವ ಟೀಚರು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಶಾಲೆಗೆ ವರ್ಷ ವರ್ಷವೂ ಮಕ್ಕಳು ಕಡಿಮೆಯಾಗುತ್ತ, ಈ ವರ್ಷ ಒಂದನೆಯ ತರಗತಿಗೆ ಹೆಸರು ಹಚ್ಚಲು ಯಾರೂ ಬಂದಿರಲಿಲ್ಲ. ಶಾಲೆ ಮುಚ್ಚುತ್ತಾರೆಂಬ ಮಾತಿತ್ತು. "ನಾ ಹಚ್ಚಿದ್ದು ಎಲ್ಲಾ ಆರೇ ಹೋತ್ರಿ, ನಂಜುಂಡಪ್ಪ," ಅಂದರು. "ಇವತ್ತ ನನ್ನ ಕೈಯಿಂದ ಒಂದರೆ ಮ್ಯಾಲೆ ಏರ್ತು ನೋಡ್ರಿ." ಅವರ ಕಣ್ಣಲ್ಲಿ ನೀರಿತ್ತು.

ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೈಗೆ ಬಂದವು. ನಂಜುಂಡ ವಿಮಲಾಳನ್ನು ಜೊತೆಗೆ ಕರೆದುಕೊಂಡು ಧೈರ್ಯವಾಗಿ ರಾಮಸ್ವಾಮಿಯವರ ಎದುರಿಗೆ ಹೋಗಿ ನಿಂತ. ರೂಮಿನ ವಿಷಯ ಎಂದ. ಕಾಂತಪ್ಪನವರೂ ಟೀಚರೂ ಅಲ್ಲೇ ಕೂತಿದ್ದರು.

ರಾಮಸ್ವಾಮಿಯವರು ಚಮಚ ಕೆಳಗಿಟ್ಟರು. ಅವರ ಮುಖದಲ್ಲಿ ದ್ವೇಷವಿರಲಿಲ್ಲ, ಲೆಕ್ಕ ತಾಳೆಯಾದ ಸಂತೋಷವಿತ್ತು. ನಲವತ್ತು ವರ್ಷ ಆಡಿಟ್ ಮಾಡಿದವರು.

"ನೋಡಿ ನಂಜುಂಡ, ಮೂರೂ ಒಂದೇ ಸಲಕ್ಕೆ ಹತ್ತದಿದ್ರೆ ವಾಲತ್ತೆ ಅಂದ್ರಿ. ಅದನ್ನ ಸಾಧಿಸೋಕೆ ವರ್ಷಗಟ್ಟಲೆ ಪರೀಕ್ಷೆ ಬೇಕು, ಪರೀಕ್ಷೆಗೆ ರೂಮು ಬೇಕು ಅಂದ್ರಿ. ಇವತ್ತು ಕಾಂತಪ್ಪ ಒತ್ತಿದ್ದು ಯಾವಾಗ, ನಾನು ಒತ್ತಿದ್ದು ಯಾವಾಗ? ಮಧ್ಯದಲ್ಲಿ ಟೀಚರು ಹಾಡಿದ್ರು, ನಾನು ವಿಜಯನಗರ ಮುಗಿಸಿದೆ. ಆದ್ರೂ ನೆಟ್ಟಗೆ ಹೋಯ್ತು. ಅಂದ್ಮೇಲೆ ನಿಮ್ಮ ಒಂದೇ ಸಲದ ಸಿದ್ಧಾಂತ ತಪ್ಪು ತಾನೇ? ರೂಮು ಕೊಡ್ತೀವಿ ಅಂದದ್ದೂ ಅದನ್ನ ನಂಬಿಯೇ."

ನಂಜುಂಡನ ಕೈಯ ತಟ್ಟೆ ಓರೆಯಾಯಿತು.

ಕಾಂತಪ್ಪನವರು ಹೌದು ಹೌದು ಎಂದು ತಲೆಯಾಡಿಸಿದರು. ನಾನು ಒತ್ತುವಾಗಲೇ ಬುಡದಿಂದ ಸಣ್ಣಗೆ ಹೊಗೆ ಹೊರಟಿದ್ದನ್ನು ಕಣ್ಣಾರೆ ಕಂಡಿದ್ದೇನೆ ಮಾರಾಯ್ರೆ, ಒಳಗೆ ಕೆಂಡ ಹಿಡಿದು ಕೂತಿತ್ತು ಅಂದರು. ಟೀಚರು ಒತ್ತಿದಾಗಲೂ ಬಂತು ಎಂದು ರಾಮಸ್ವಾಮಿಯವರು ಸೇರಿಸಿದರು. ಇಷ್ಟು ಸುಲಭದ ಕೆಲಸಕ್ಕೆ ಪಾಪ ಒಂದು ಇಡೀ ರೂಮು ಕಟ್ಟಿಕೊಂಡು ಯಾಕೆ ಒದ್ದಾಡುತ್ತೀರಿ, ಅಂಟು ಕಾಗದ ಮಂಚದ ಕೆಳಗೆ ಇಟ್ಟುಕೊಂಡರೆ ಸಾಕು, ಯಾರು ಯಾವಾಗ ಒತ್ತಿದರೂ ಹೋಗುತ್ತದೆ ಎಂದು ಅವರು ನಿಜವಾದ ಅಕ್ಕರೆಯಿಂದಲೇ ಹೇಳಿದರು. ಮುಂದಿನ ವರ್ಷ ಬುಡಕ್ಕೆ ಐದು ನಳಿಗೆ ಇಡಿ, ಅಂಧೇರಿಯ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಕರೆಯಬಹುದು ಎಂದೂ ಅಂದರು.

ನಂಜುಂಡ ವಿಮಲಾ ಕಡೆ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು. ಇನ್ನು ಉಳಿದದ್ದು ಸತ್ಯವೊಂದೇ. ಅವಮಾನವಾದರೆ ಆಗಲಿ, ಸಿದ್ಧಾಂತ ಉಳಿದರೆ ರೂಮು ಉಳಿದೀತು. ಅವನು ಹೇಳಿಬಿಟ್ಟ. ಆ ಪೆಟ್ಟಿಗೆ ಬರೀ ಬಲ್ಬಿನದು. ತಂತಿ ಮಣ್ಣಿಗೆ ಹೋಗಿದೆ, ಬೇಕಾದರೆ ಅಗೆದು ನೋಡಿ. ಮೂರನ್ನೂ ಒಂದೇ ಸಲಕ್ಕೆ ಹತ್ತಿಸಿದ್ದು ನಾನು, ಪರದೆಯ ಹಿಂದಿನಿಂದ.

ಕಾಂತಪ್ಪನವರ ಮುಖ ಕೆಂಪಾಯಿತು. ರಾಮಸ್ವಾಮಿಯವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಸುಂದ್ರವ್ವ ಟೀಚರು ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು. ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದರು.

"ನಂದೂ ಖಾಲೀನ ಏನ್ರಿ, ನಂಜುಂಡಪ್ಪ?"

ಹೌದು ಅನ್ನಬೇಕಿತ್ತು. ಒಂದೇ ಒಂದು ಮಾತು. ಆದರೆ ಆ ಮುಖ ನಂಜುಂಡನಿಗೆ ಹೊಸದಾಗಿರಲಿಲ್ಲ. ಪ್ರಮೋಷನ್ ಪಕ್ಕದ ಕುರ್ಚಿಗೆ ಹೋದ ದಿನ ಕನ್ನಡಿಯಲ್ಲಿ ಕಂಡದ್ದು ಅದೇ ಮುಖ.

"ಇಲ್ಲ ಟೀಚರ್," ಅಂದ. "ನಿಮ್ಮದು ನಿಜವಾದದ್ದೇ."

ಕಾಂತಪ್ಪನವರು ಕೂಡಲೇ ಮುಂದೆ ಬಗ್ಗಿದರು. "ಹಾಗಾದ್ರೆ ನಮ್ಮದೊಂದು ಎಂತ ಸುಳ್ಳಾ?"

ಮಧ್ಯದ್ದು ನಿಜವಾಗಿ ಆಚೀಚಿನದು ಸುಳ್ಳು ಅನ್ನುವುದು ಹೇಗೆ? ನಂಜುಂಡ ನೆಲ ನೋಡುತ್ತ, ಎಲ್ಲರದೂ ನಿಜವೇ, ರೂಮಿನ ಆಸೆಗೆ ಏನೋ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಕ್ಷಮಿಸಿ ಅಂದ. ವಿಮಲಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಟೀಚರ ಮುಖಕ್ಕೆ ಮತ್ತೆ ಕಳೆ ಬಂತು. ಅವರು ಕೇಸರಿಬಾತು ತಿನ್ನಲು ಶುರು ಮಾಡಿದರು.

ತಪ್ಪು ಒಪ್ಪಿಕೊಂಡದ್ದು ದೊಡ್ಡ ಗುಣ ಎಂದು ರಾಮಸ್ವಾಮಿಯವರು ಅವನ ಬೆನ್ನು ತಟ್ಟಿದರು. ಇಂಥ ಒಳ್ಳೆಯ ಸಂದರ್ಭದಲ್ಲಿ ಬೀಗದಕೈಯನ್ನೂ ವೇದಿಕೆಯ ಮೇಲೇ ಕೊಟ್ಟುಬಿಡಿ, ಚೆನ್ನಾಗಿರುತ್ತದೆ ಎಂದು ಕೊರಗಪ್ಪನನ್ನು ಕೂಗಿದರು. ರೋಲಿನಲ್ಲಿ ಇನ್ನೂ ಕೆಲವು ಉಳಿದಿವೆ ಎಂದು ಕೊರಗಪ್ಪ ಓಡಿ ಬಂದ. ಆದರೆ ಮೂವರೂ ಒಟ್ಟಿಗೆ ಕೈ ಚಾಚುವುದು ಬೇಡ, ಒಬ್ಬೊಬ್ಬರಾಗಿ ಬನ್ನಿ ಅಂದ.

ನಂಜುಂಡ ಜೇಬಿನಿಂದ ಬೀಗದಕೈ ತೆಗೆದು ಮೊದಲು ಕಾಂತಪ್ಪನವರಿಗೆ ಕೊಟ್ಟ. ಫ್ಲ್ಯಾಶು ಹೊಡೆಯಿತು. ಅವರು ಅದನ್ನು ವಾಪಸು ಅವನ ಕೈಗಿಟ್ಟು ಸರಿದರು. ಆಮೇಲೆ ಸುಂದ್ರವ್ವ ಟೀಚರಿಗೆ ಕೊಟ್ಟ, ಅವರೂ ನಗುತ್ತ ನಿಂತು, ಫೋಟೋ ಆದ ಮೇಲೆ ವಾಪಸು ಕೊಟ್ಟರು. ಕೊನೆಗೆ ರಾಮಸ್ವಾಮಿಯವರು ಬಂದರು. ಸ್ವಲ್ಪ ನಗಬೇಕು ಎಂದು ಕೊರಗಪ್ಪ ನಂಜುಂಡನಿಗೆ ಹೇಳಿದ. ನಂಜುಂಡ ನಕ್ಕು ಮೂರನೆಯ ಸಲ ಕೊಟ್ಟ. ಆ ಸಲ ಬೀಗದಕೈ ವಾಪಸು ಬರಲಿಲ್ಲ.